ಹಳೇ ಆಟೋಮ್ಯಾಟಿಕ್ ಕಾರಿನಲ್ಲಿ ಪಿಕಪ್ ಇಲ್ಲ, ಗೇರ್ ಜರ್ಕ್: ಗೇರ್‌ಬಾಕ್ಸ್ ಇಳಿಸುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ಸರ್, ನಮ್ಮದು 2011ರ ಹ್ಯುಂಡೈ ಐ10, 1.2 ಲೀಟರ್ ಪೆಟ್ರೋಲ್, ಆಟೋಮ್ಯಾಟಿಕ್. 98 ಸಾವಿರ ಕಿಲೋಮೀಟರ್ ಓಡಿದೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ನಾನು ಬಳ್ಳಾರಿಯಿಂದ ಸಂಡೂರಿನ ಶಾಲೆಗೆ ದಿನಾ ಇದರಲ್ಲೇ ಹೋಗಿ ಬರುತ್ತೇನೆ. ಈ ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ಏರು ಬಂದರೆ ಪೆಡಲ್ ಪೂರ್ತಿ ಒತ್ತಿದರೂ ಗಾಡಿ ಎಳೆಯಲ್ಲ. ಬೆಳಿಗ್ಗೆ ಗೇರ್ ಸರಿಯಾಗಿ ಬೀಳುತ್ತದೆ, ಮಧ್ಯಾಹ್ನ ವಾಪಸ್ ಬರುವಾಗ ಎರಡರಿಂದ ಮೂರಕ್ಕೆ ಧಡ್ ಅಂತ ಹೊಡೆಯುತ್ತದೆ. ಕೆಲವು ಸಲ ನಿಂತು ಹೊರಟಾಗ ಗಾಡಿ ತೆವಳುತ್ತದೆ, ಎಷ್ಟು ಒತ್ತಿದರೂ ಅಷ್ಟೇ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಬೇಕು, 70 ಸಾವಿರ ಆಗುತ್ತೆ ಅಂದರು. ಇನ್ನೊಬ್ಬರು ಗೇರ್ ಆಯಿಲ್ ಹಾಕಿ ನೋಡೋಣ ಅಂದರು. ಮಾರಿಬಿಡಲಾ, ರಿಪೇರಿ ಮಾಡಿಸಲಾ?

ಉತ್ತರ: ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ಗೇರ್ ಆಯಿಲ್ ಹಾಕಲು ಅಂತೂ ಯಾವ ಕಾರಣಕ್ಕೂ ಬಿಡಬೇಡಿ. ಮ್ಯಾನ್ಯುಯಲ್ ಗಾಡಿಗೆ ಹಾಕುವ ದಪ್ಪನೆಯ 80ಡಬ್ಲ್ಯೂ-90 ಎಣ್ಣೆ ನಿಮ್ಮ ಗೇರ್ ಪೆಟ್ಟಿಗೆಯೊಳಗೆ ಹೋದರೆ, ಇವತ್ತು ಸಣ್ಣದಾಗಿರುವ ತೊಂದರೆ ನಾಳೆ ನಿಜವಾಗಿಯೂ 70 ಸಾವಿರದ್ದಾಗುತ್ತದೆ. ನಿಮ್ಮ ಕಾರಿಗೆ ಬೇಕಾದದ್ದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆಂದೇ ಮಾಡಿದ ತೆಳುವಾದ ಕೆಂಪು ಎಣ್ಣೆ. ಅದರಲ್ಲೂ ಎಸ್‌ಪಿ-3 ಅನ್ನುವ ದರ್ಜೆಯದ್ದು. ಡಬ್ಬಿಯ ಮೇಲೆ ಎಟಿಎಫ್ ಅಂತ ಇದ್ದರೆ ಸಾಲದು, ಎಸ್‌ಪಿ-3 ಅಂತಲೂ ಇರಬೇಕು.

ನೀವು ಮೂರು ತೊಂದರೆ ಹೇಳಿದ್ದೀರಿ. ನನಗೆ ತುಂಬಾ ಬೇಕಾಗಿದ್ದ ಒಂದು ಸಂಗತಿ ಮಾತ್ರ ಬಿಟ್ಟಿದ್ದೀರಿ. ಏರಿನಲ್ಲಿ ಗಾಡಿ ಎಳೆಯದೇ ಇದ್ದಾಗ ಆರ್‌ಪಿಎಂ ಮುಳ್ಳು, ಅಂದರೆ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಮುಳ್ಳು, ಎಲ್ಲಿರುತ್ತದೆ? ಅದೊಂದೇ ಅರ್ಧ ರೋಗ ಹೇಳಿಬಿಡುತ್ತದೆ. ಮುಳ್ಳು ಮೇಲೇರಿ ಎಂಜಿನ್ ಕಿರುಚುತ್ತಿದ್ದು ಗಾಡಿಯ ವೇಗ ಮಾತ್ರ ಏರದಿದ್ದರೆ, ಎಂಜಿನ್ ಕೊಡುತ್ತಿರುವ ಶಕ್ತಿ ಚಕ್ರಕ್ಕೆ ಮುಟ್ಟುತ್ತಿಲ್ಲ. ಗೇರ್‌ಬಾಕ್ಸಿನೊಳಗೆ ಎಣ್ಣೆಯ ಒತ್ತಡದಿಂದ ಗೇರ್ ಹಿಡಿದಿಡುವ ಕ್ಲಚ್ ಪ್ಲೇಟುಗಳು ಜಾರುತ್ತಿವೆ. ಮುಳ್ಳೂ ಏರದೆ, ವೇಗವೂ ಏರದೆ, ಎಂಜಿನ್ ಉಸಿರುಗಟ್ಟಿದ ಹಾಗೆ ಗುಂಯ್ ಅನ್ನುತ್ತಿದ್ದರೆ ಎರಡು ಸಾಧ್ಯತೆ. ಒಂದು, ಎಂಜಿನ್ನಿನಲ್ಲೇ ಶಕ್ತಿ ಇಲ್ಲ. ಇನ್ನೊಂದು, ಗಾಡಿ ದೊಡ್ಡ ಗೇರಿನಲ್ಲಿ ಸಿಕ್ಕಿಹಾಕಿಕೊಂಡಿದೆ.

ಈ ಎರಡನೇ ಸಾಧ್ಯತೆಯನ್ನು ನಮ್ಮ ಕಡೆ ಬಹಳ ಜನ ಮರೆಯುತ್ತಾರೆ. ನಿಮ್ಮ ಗೇರ್‌ಬಾಕ್ಸಿಗೆ ಒಂದು ಕಂಪ್ಯೂಟರ್ ಇದೆ, ಟಿಸಿಯು ಅಂತ. ಯಾವುದಾದರೂ ಸೆನ್ಸರ್ ಅಥವಾ ಸೋಲೆನಾಯ್ಡ್ (ಕರೆಂಟಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ಸಣ್ಣ ವಾಲ್ವ್) ಕೈಕೊಡುತ್ತಿದೆ ಅನ್ನಿಸಿದರೆ, ಪೆಟ್ಟಿಗೆ ಉಳಿಸಿಕೊಳ್ಳಲು ಅದು ಗೇರ್ ಬದಲಿಸುವುದನ್ನೇ ನಿಲ್ಲಿಸುತ್ತದೆ. ಈ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಆಗ ಗಾಡಿ ಮೂರನೇ ಗೇರಿನಲ್ಲಿ ಕೂತುಬಿಡುತ್ತದೆ. ಮೂರರಲ್ಲೇ ನಿಂತಲ್ಲಿಂದ ಹೊರಡಬೇಕು, ಮೂರರಲ್ಲೇ ಏರು ಹತ್ತಬೇಕು. ತೆವಳದೆ ಇನ್ನೇನು ಮಾಡುತ್ತದೆ ಪಾಪ! ಇಗ್ನಿಷನ್ ಆಫ್ ಮಾಡಿ ಆನ್ ಮಾಡಿದಾಗ ಟಿಸಿಯು ಮತ್ತೆ ಮೊದಲಿಂದ ಪರೀಕ್ಷೆ ಮಾಡುತ್ತದೆ. ಆ ಕ್ಷಣಕ್ಕೆ ಎಲ್ಲ ಸರಿ ಕಂಡರೆ ಗೇರುಗಳನ್ನು ವಾಪಸ್ ಕೊಡುತ್ತದೆ. ನೀವು ಬರೆದ ಮೂರನೇ ತೊಂದರೆ ತದ್ರೂಪ ಇದೇ. ಹಾಗಾಗಿ ನಿಮ್ಮ ‘ಪಿಕಪ್ ಇಲ್ಲ’ ಮತ್ತು ‘ತೆವಳುತ್ತದೆ’ ಎರಡೂ ಒಂದೇ ಬೇರಿನಿಂದ ಬಂದಿರುವ ಸಾಧ್ಯತೆ ಜಾಸ್ತಿ. ಬೆಳಿಗ್ಗೆ ಚೆನ್ನಾಗಿದ್ದು ಬಿಸಿಯಾದ ಮೇಲೆ ಮಾತ್ರ ಕೆಡುತ್ತದೆ ಅನ್ನುವುದೂ ಅದೇ ಕಡೆ ಬೆರಳು ತೋರಿಸುತ್ತದೆ. ಪ್ಲೇಟುಗಳು ಸುಟ್ಟು ಸವೆದಿದ್ದರೆ ತಣ್ಣಗಿದ್ದಾಗಲೂ ಸ್ವಲ್ಪವಾದರೂ ಗೊತ್ತಾಗಬೇಕಿತ್ತು.

ಸ್ಕ್ಯಾನ್ ಮಾಡಿಸುವ ಬಗ್ಗೆ ಹೇಳುತ್ತೇನೆ. ಯಾಕೆಂದರೆ ಇಲ್ಲಿ ಎಷ್ಟೋ ಜನರ ದುಡ್ಡು ಸುಮ್ನೆ ಹೋಗುತ್ತದೆ. ಕಾರಿಗೆ ಸಿಕ್ಕಿಸಿದರೆ ಅದರ ಕಂಪ್ಯೂಟರಿನಲ್ಲಿರುವ ದೋಷದ ಕೋಡುಗಳನ್ನು ಮೊಬೈಲಿನಲ್ಲಿ ತೋರಿಸುವ ಅಗ್ಗದ ಬ್ಲೂಟೂತ್ ಒಬಿಡಿ ಡಾಂಗಲ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಅವು ಸಾಮಾನ್ಯವಾಗಿ ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅದರಲ್ಲಿ ಪಿ0700 ಅಂತ ಬಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ಹೇಳುತ್ತಿದೆ’ ಅಂತ ಮಾತ್ರ ಅರ್ಥ. ದೂರು ಏನು ಅನ್ನುವುದು ಟಿಸಿಯು ಒಳಗಿರುತ್ತದೆ. ಅದನ್ನು ಓದುವ ಸ್ಕ್ಯಾನರ್ ಇರುವ ಕಡೆ ಹೋಗಿ, ‘ಎಂಜಿನ್ ಮತ್ತು ಟ್ರಾನ್ಸ್‌ಮಿಷನ್ ಎರಡನ್ನೂ ಓದಿ, ಕೋಡುಗಳನ್ನು ನನಗೆ ಬರೆದುಕೊಡಿ, ಅಳಿಸಬೇಡಿ’ ಅಂತ ಬಾಯಿಬಿಟ್ಟು ಕೇಳಿ. ಬ್ಯಾಟರಿ ಕೇಬಲ್ ಬಿಚ್ಚಿದರೂ ಕೋಡುಗಳು ಅಳಿಸಿಹೋಗಬಹುದು. ಸ್ಕ್ಯಾನ್ ಆಗುವ ತನಕ ಬ್ಯಾಟರಿ ಬಿಚ್ಚಿಸಬೇಡಿ.

ಕೋಡುಗಳ ಅರ್ಥ ಸ್ವಲ್ಪ ತಿಳಿದಿದ್ದರೆ ಮೇಸ್ತ್ರಿ ಜೊತೆ ಮಾತಾಡುವುದು ಸುಲಭ. ಪಿ0715 ಬಂದರೆ ಇನ್‌ಪುಟ್ ಸ್ಪೀಡ್ ಸೆನ್ಸರ್, ಪಿ0720 ಬಂದರೆ ಔಟ್‌ಪುಟ್ ಸ್ಪೀಡ್ ಸೆನ್ಸರ್. ಬಿಸಿಯಾದಾಗ ಸಿಗ್ನಲ್ ಬಿಡುವುದು ಈ ಸೆನ್ಸರುಗಳ ಹಳೇ ಚಾಳಿ. ಇವುಗಳಿಗಾಗಿ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಪಿ0750, 0755, 0760 ಈ ಸಾಲಿನವು ಶಿಫ್ಟ್ ಸೋಲೆನಾಯ್ಡ್‌ಗಳವು. ಸೋಲೆನಾಯ್ಡ್‌ಗಳು ವಾಲ್ವ್ ಬಾಡಿಯ ಮೇಲೆ, ಅಂದರೆ ಒತ್ತಡದ ಎಣ್ಣೆಯನ್ನು ಆಯಾ ಗೇರಿಗೆ ಹಂಚುವ ಭಾಗದ ಮೇಲೆ, ಕೂತಿರುತ್ತವೆ. ಅವನ್ನು ಬದಲಿಸಲು ಎಣ್ಣೆ ಇಳಿಸಿ ಕವರ್ ತೆಗೆದರೆ ಸಾಕು, ಪೆಟ್ಟಿಗೆ ಗಾಡಿಯಲ್ಲೇ ಇರಬಹುದು. ಪಿ0705 ಬಂದರೆ ಗೇರ್ ಲಿವರ್ ಎಲ್ಲಿದೆ ಅಂತ ಹೇಳುವ ಇನ್‌ಹಿಬಿಟರ್ ಸ್ವಿಚ್. ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ಒಮ್ಮೊಮ್ಮೆ ಮಾಯವಾಗುವುದು, ಲಿವರ್ ಪಿ-ಯಲ್ಲಿ (ಪಾರ್ಕಿಂಗ್) ಇದ್ದಾಗ ಸ್ಟಾರ್ಟ್ ಆಗದೆ ಎನ್-ನಲ್ಲಿ (ನ್ಯೂಟ್ರಲ್) ಆಗುವುದು ಅದರ ಗುರುತು. ನಿಜವಾಗಿ ಚಿಂತೆ ಮಾಡಬೇಕಾದದ್ದು ಪಿ0731ರಿಂದ ಪಿ0734ರ ತನಕದವು. ಗೇರ್ ಹಾಕಿದ್ದೇನೆ, ಆದರೆ ಒಳಗೆ ಹೋಗುವ ವೇಗಕ್ಕೂ ಹೊರಗೆ ಬರುವ ವೇಗಕ್ಕೂ ಲೆಕ್ಕ ಕೂಡುತ್ತಿಲ್ಲ ಅಂತ ಟಿಸಿಯು ಹೇಳುತ್ತಿದೆ ಅಂತ ಅರ್ಥ. ಜಾರುವಿಕೆ ಇದ್ದಾಗ ಇವೇ ಬರುತ್ತವೆ. ಆಗಲೂ ಮೊದಲು ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಕಡಿಮೆ ಇದ್ದರೂ ಇದೇ ಕೋಡ್ ಬರುತ್ತದೆ.

ಕೋಡ್ ಬಂದ ತಕ್ಷಣ ಆ ಪಾರ್ಟ್ ಬದಲಿಸಬೇಡಿ. ಸೋಲೆನಾಯ್ಡ್ ಕೋಡ್ ಬಂದರೆ ಸೋಲೆನಾಯ್ಡೇ ಹೋಗಿರಬೇಕು ಅಂತೇನಿಲ್ಲ. ಅದಕ್ಕೆ ಹೋಗುವ ವೈರು ತುಂಡಾಗಿರಬಹುದು, ಸಾಕೆಟ್ಟಿನಲ್ಲಿ ಧೂಳು, ಕಿಲುಬು ಕಟ್ಟಿರಬಹುದು. ಸಿರುಗುಪ್ಪ, ಗಂಗಾವತಿ ಕಡೆ ಭತ್ತದ ಗೋಡೌನ್ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿ ಕಾಟ ಹೇಳಬೇಕಾಗಿಲ್ಲ. ಬಾನೆಟ್ ಒಳಗೆ ಬೆಚ್ಚಗೆ ಮಲಗಿ ವೈರು ಕಡಿಯುತ್ತವೆ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ಸೋಲೆನಾಯ್ಡಿನ ಓಮ್ ಅಳತೆಯನ್ನು ತಣ್ಣಗಿದ್ದಾಗ ಒಮ್ಮೆ, ನೀವು ಸಂಡೂರಿನಿಂದ ಬಂದ ಬಿಸಿಯಲ್ಲೇ ಒಮ್ಮೆ ನೋಡಬೇಕು. ತಾಮ್ರದ ಸುರುಳಿಯ ತಡೆ ಬಿಸಿಗೆ ಸ್ವಲ್ಪ ಏರುವುದು ಸಹಜ. ಒಂದೇ ಒಂದು ಸುರುಳಿ ಉಳಿದವಕ್ಕಿಂತ ತೀರಾ ಬೇರೆ ತೋರಿಸಿದರೆ, ಅಥವಾ ಬಿಸಿಯಲ್ಲಿ ಪೂರ್ತಿ ಕಡಿದುಹೋದರೆ, ಕಳ್ಳ ಸಿಕ್ಕಿಬಿದ್ದ.

ಜೊತೆಗೆ ಬ್ಯಾಟರಿ. ಎಂಜಿನ್ ಆಫ್ ಇದ್ದಾಗ 12.4ರಿಂದ 12.6 ವೋಲ್ಟ್, ಓಡುತ್ತಿದ್ದಾಗ ಸುಮಾರು 13.5ರಿಂದ 14.5 ಇರಬೇಕು. ಎ.ಸಿ., ಹೆಡ್‌ಲೈಟ್ ಎರಡೂ ಹಾಕಿ ನೋಡಿ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಗೇರ್‌ಬಾಕ್ಸಿಗೆ ಬರುವ ಅರ್ತ್ ಕೇಬಲ್‌ಗಳ ನಟ್ಟು ಬಿಚ್ಚಿ, ಉಜ್ಜಿ, ಬಿಗಿ ಮಾಡಿಸಿ. ವೋಲ್ಟೇಜ್ ಇಳಿದರೆ ಟಿಸಿಯು ದಿಕ್ಕೆಡುತ್ತದೆ. ಇದು ಐದು ನಿಮಿಷದ ಕೆಲಸ. ಯಾರೂ ಮಾಡುವುದಿಲ್ಲ!

ಈಗ ಎಣ್ಣೆಗೆ ಬರೋಣ. ಇದನ್ನು ನೀವೇ ನೋಡಬಹುದು. ಒಂದು ಸುತ್ತು ಓಡಿಸಿ ಗಾಡಿ ಚೆನ್ನಾಗಿ ಬಿಸಿಯಾಗಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕಿನ ಮೇಲಿಟ್ಟು ಲಿವರನ್ನು ಪಿ-ಯಿಂದ ಕೆಳಗಿನ ತನಕ ಪ್ರತಿ ಜಾಗದಲ್ಲೂ ಎರಡು ಸೆಕೆಂಡ್ ನಿಲ್ಲಿಸಿ ಎನ್-ಗೆ ತನ್ನಿ. ಎಂಜಿನ್ ಓಡುತ್ತಲೇ ಇರಲಿ. ಈಗ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಎಣ್ಣೆ ‘ಹಾಟ್’ ಗುರುತಿನ ಒಳಗಿರಬೇಕು. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕನ್ನೇ ಇದು ಅಂದುಕೊಂಡು ನೋಡುವವರಿದ್ದಾರೆ, ಎರಡೂ ಬೇರೆ. ಹಳೇ ಹೋಂಡಾ ಆಟೋಮ್ಯಾಟಿಕ್ ಇರುವವರು ಈ ಕ್ರಮ ಅನುಸರಿಸಬೇಡಿ. ಅದರಲ್ಲಿ ಬಿಸಿಯಾದ ಎಂಜಿನ್ ಆಫ್ ಮಾಡಿ, 60ರಿಂದ 90 ಸೆಕೆಂಡಿನೊಳಗೆ ನೋಡುವುದು ಪದ್ಧತಿ.

ಮಟ್ಟ ಕಡಿಮೆ ಇದ್ದರೆ ಪಂಪು ಎಣ್ಣೆಯ ಜೊತೆ ಗಾಳಿ ಎಳೆಯುತ್ತದೆ. ಗಾಳಿ ಬೆರೆತರೆ ಒತ್ತಡ ಬೀಳುತ್ತದೆ, ಏರಿನಲ್ಲಿ ಮೊದಲು ಗೊತ್ತಾಗುತ್ತದೆ. ಜಾಸ್ತಿ ಇದ್ದರೂ ಕಷ್ಟವೇ. ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲೂ ಒತ್ತಡ ನಿಲ್ಲುವುದಿಲ್ಲ. ಬಣ್ಣ ನೋಡಿ. ತಿಳಿ ಕೆಂಪು ಇದ್ದರೆ ಸಂತೋಷ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವ ಕಾಲ ಮೀರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸುಟ್ಟಿವೆ. ರೋಸ್ ಮಿಲ್ಕ್ ಬಣ್ಣ ಕಂಡರೆ ಅಲ್ಲೇ ಎಂಜಿನ್ ಆಫ್ ಮಾಡಿ, ಒಂದು ಮೀಟರೂ ಓಡಿಸಬೇಡಿ. ರೇಡಿಯೇಟರಿನ ಕೂಲಂಟ್ ಗೇರ್‌ಬಾಕ್ಸಿಗೆ ಸೇರುತ್ತಿದೆ.

ಈ ಬೆರಕೆ ಹೇಗಾಗುತ್ತದೆ ಅನ್ನುವುದನ್ನು ನಮ್ಮ ಜಿಲ್ಲೆಯವರು ತಿಳಿದಿರಲೇಬೇಕು. ಇಂಥ ಬಹಳಷ್ಟು ಕಾರುಗಳಲ್ಲಿ ಗೇರ್‌ಬಾಕ್ಸ್ ಎಣ್ಣೆ ತಣ್ಣಗಾಗುವುದು ರೇಡಿಯೇಟರಿನ ಒಳಗಿರುವ ಸಣ್ಣ ಕೂಲರ್‌ನಲ್ಲಿ. ಒಂದೇ ರೇಡಿಯೇಟರ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕಾಯುತ್ತದೆ. ನಮ್ಮಲ್ಲಿ ಕೂಲಂಟ್ ಇಳಿದಾಗ ಏನು ಮಾಡುತ್ತೇವೆ? ರಸ್ತೆ ಬದಿಯ ಹೋಟೆಲಿನಿಂದ ಒಂದು ಬಾಟಲಿ ಬೋರ್ ನೀರು ತಂದು ಸುರಿಯುತ್ತೇವೆ. ನಮ್ಮ ಬೋರ್ ನೀರು ಗಡುಸು. ಮನೆಯ ಬಾಯ್ಲರಿನ ತಳದಲ್ಲಿ ಬಿಳಿ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. ಕೂಲಂಟಿನಲ್ಲಿರುವ ತುಕ್ಕು ತಡೆಯುವ ಗುಣ ನೀರಿಗಿಲ್ಲ, ಕೂಲರಿನ ಲೋಹ ಒಳಗಿಂದ ತಿನ್ನಿಸಿಕೊಳ್ಳುತ್ತದೆ. ಹೊರಗಡೆಯಿಂದ ಅದಿರಿನ ಕೆಂಪು ಧೂಳು ರೇಡಿಯೇಟರ್ ಮತ್ತು ಎ.ಸಿ. ಕಂಡೆನ್ಸರಿನ ನಡುವೆ ಪದರವಾಗಿ ಕೂರುತ್ತದೆ. ತೋರಣಗಲ್ಲಿನಿಂದ ಸಂಡೂರಿನ ತನಕ ಅದಿರು ಲಾರಿಗಳ ಹಿಂದೆ ಹೋಗುವ ಗಾಡಿ ಎಷ್ಟು ಧೂಳು ಕುಡಿಯುತ್ತದೆ ಅಂತ ನಿಮಗೇ ಗೊತ್ತು. ಅದರ ಮೇಲೆ 42 ಡಿಗ್ರಿ ಬಿಸಿಲು. ಬೆಂಗಳೂರಿನಲ್ಲಿ ತೊಂದರೆ ಕೊಡದಿದ್ದ ಗಾಡಿ ಬಳ್ಳಾರಿಗೆ ಬಂದು ಕೈಕೊಟ್ಟಿದ್ದು ಇದರಿಂದಲೇ ಅನ್ನುವುದು ನನ್ನ ಬಲವಾದ ಅನುಮಾನ.

ಎಟಿಎಫ್ 80–90 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದಾಗ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಕಸುಬಿನವರ ಅಂದಾಜು ಲೆಕ್ಕ. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ. ಇಷ್ಟು ವರ್ಷ ಹಳೆಯ ರಬ್ಬರ್ ಸೀಲುಗಳು ಗಟ್ಟಿಯಾಗಿರುತ್ತವೆ. ತೆಳ್ಳಗಿನ ಎಣ್ಣೆ ಅವುಗಳ ಸಂದಿಯಿಂದ ನುಸುಳಿದರೆ ಪ್ಲೇಟುಗಳನ್ನು ಒತ್ತುವ ಬಲ ಸಾಲದು. ಮೊದಲು ಒಂದು ಕ್ಷಣ ಜಾರಿ, ಆಮೇಲೆ ಧಡ್ ಅಂತ ಹಿಡಿಯುತ್ತವೆ. ಮಧ್ಯಾಹ್ನದ ನಿಮ್ಮ ಎರಡರಿಂದ ಮೂರರ ಹೊಡೆತಕ್ಕೆ ಇದೊಂದು ಕಾರಣ ಇರಬಹುದು. ಹಾಗಾಗಿ ರೇಡಿಯೇಟರ್ ಬಿಚ್ಚಿಸಿ ಒಳಗೂ ಹೊರಗೂ ತೊಳೆಸಿ. ಒಳಗೆ ಬಿಳಿ ಕಟ್ಟಿದ್ದರೆ ಹೊಸದನ್ನೇ ಹಾಕಿಸಿ, ಇದರಲ್ಲಿ ಜಿಪುಣತನ ಬೇಡ. ಆಮೇಲೆ ಸರಿಯಾದ ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ತುಂಬಿಸಿ. ಫ್ಯಾನ್ ಎರಡೂ ವೇಗದಲ್ಲಿ ತಿರುಗುತ್ತದಾ ಅಂತಲೂ ನೋಡಿಸಿ.

ಎಣ್ಣೆ ಬದಲಿಸುವಾಗ ಮೆಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿಸಬೇಡಿ ಅಂತ ನನ್ನ ಸಲಹೆ. ಹಳೇ ಪೆಟ್ಟಿಗೆಯಲ್ಲಿ ತಳಕ್ಕೆ ಕೂತ ಕೊಳೆ ಎದ್ದು ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಕೆಳಗಿನ ಬೋಲ್ಟ್ ಬಿಚ್ಚಿ ಇಳಿಸಿ, ಇಳಿದಷ್ಟನ್ನೇ ಅಳೆದು ಹೊಸದು ತುಂಬಿಸಿ. ಪೂರ್ತಿ ಎಣ್ಣೆ ಇದರಲ್ಲಿ ಬರುವುದಿಲ್ಲ, ದೊಡ್ಡ ಪಾಲು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಒಳಗೇ ಉಳಿಯುತ್ತದೆ. ಅದಕ್ಕೇ ಕೆಲವು ದಿನ ಓಡಿಸಿ ಮತ್ತೆ ಹೀಗೇ ಮಾಡಿಸಬೇಕು, ಆಮೇಲೆ ಇನ್ನೊಮ್ಮೆ. ಇಳಿಸುವಾಗ ನೀವು ಹತ್ತಿರ ನಿಂತಿರಿ. ಲೋಹದ ಪುಡಿ ಹಿಡಿಯಲು ಇಟ್ಟಿರುವ ಮ್ಯಾಗ್ನೆಟ್ಟಿನ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಭಯ ಬೇಡ, ಅಷ್ಟು ಸವಕಳಿ ಎಲ್ಲ ಗಾಡಿಯಲ್ಲೂ ಇರುತ್ತದೆ. ಕೈಗೆ ಚುಚ್ಚುವ ಲೋಹದ ಚೂರು ಕಂಡರೆ, ಅಥವಾ ಎಣ್ಣೆಯಲ್ಲಿ ಕಪ್ಪು ಪುಡಿ ತೇಲುತ್ತಿದ್ದರೆ ಒಳಗೆ ಹಾನಿಯಾಗಿದೆ.

‘ಹಳೇ ಎಣ್ಣೆ ಬದಲಿಸಿದರೆ ಇರುವ ಗೇರೂ ಹೋಗುತ್ತೆ’ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಪ್ಲೇಟು ಪೂರ್ತಿ ಸವೆದ ಮೇಲೆ ಎಣ್ಣೆ ಬದಲಿಸಿದವರ ಅನುಭವದಿಂದ ಬಂದ ಮಾತು ಅದು. ಅವರ ಗಾಡಿ ಕೆಟ್ಟಿದ್ದು ಹೊಸ ಎಣ್ಣೆಯಿಂದಲ್ಲ, ಮೊದಲೇ ಆಗಿದ್ದ ಸವಕಳಿಯಿಂದ. ನಿಮ್ಮದು ಬೆಳಿಗ್ಗೆ ಸಲೀಸಾಗಿ ಓಡುತ್ತಿದೆ ಅಂದ ಮೇಲೆ ಆ ಹಂತ ತಲುಪಿಲ್ಲ ಅಂತ ನನಗನ್ನಿಸುತ್ತದೆ. ನಮ್ಮ ಬಿಸಿಲು, ಧೂಳಿಗೆ ಇಂಥ ಗಾಡಿಯ ಎಟಿಎಫ್ ಅನ್ನು 40 ಸಾವಿರ ಕಿ.ಮೀ.ಗೆ ಒಮ್ಮೆ ಬದಲಿಸಬೇಕು ಅನ್ನುವವನು ನಾನು. ನಿಮ್ಮದರಲ್ಲಿ ಈ ಹಿಂದೆ ಬದಲಿಸಿದ ಬಿಲ್ ಇದೆಯಾ ಹುಡುಕಿ. ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ.

ಹೊಡೆತದ ಬಗ್ಗೆ ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಅಗ್ಗದ ಕಾರಣ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಡಿದಿಡುವ ರಬ್ಬರ್ ಮೌಂಟಿಂಗ್ ಹರಿದಿದ್ದರೆ, ಗೇರ್ ನಯವಾಗಿ ಬಿದ್ದರೂ ಇಡೀ ಎಂಜಿನ್ ಜೋಲಾಡಿ ಬಾಡಿಗೆ ಬಡಿಯುತ್ತದೆ. ಒಳಗೆ ಕೂತವರಿಗೆ ಗೇರ್‌ಬಾಕ್ಸೇ ಹೊಡೆದಂತೆ ಕೇಳುತ್ತದೆ. ಬಾನೆಟ್ ಎತ್ತಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಡಿ-ಗೂ (ಮುಂದಕ್ಕೆ) ಆರ್-ಗೂ (ಹಿಂದಕ್ಕೆ) ಲಿವರ್ ಬದಲಿಸಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಗಾಡಿಯ ಮುಂದೆ ಮಾತ್ರ ಯಾರೂ ನಿಲ್ಲಬಾರದು. ಎಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಕುಣಿದರೆ ಮೌಂಟಿಂಗ್ ಹೋಗಿದೆ.

ಎಂಜಿನ್ನಿಗೆ ಬರುತ್ತೇನೆ. ಇದನ್ನು ಗೇರ್‌ಬಾಕ್ಸ್ ಮಾತಿನ ನಡುವೆ ಯಾಕೆ ತರುತ್ತಿದ್ದೇನೆ ಅಂದರೆ, ಯಾವ ಗೇರ್ ಯಾವಾಗ ಅನ್ನುವುದನ್ನು ಟಿಸಿಯು ತೀರ್ಮಾನಿಸುವುದೇ ಪೆಡಲ್ ಎಷ್ಟು ಒತ್ತಿದ್ದೀರಿ, ಎಂಜಿನ್ ಮೇಲೆ ಎಷ್ಟು ಹೊರೆ ಇದೆ, ಗಾಡಿ ಎಷ್ಟು ವೇಗದಲ್ಲಿದೆ ಅನ್ನುವುದನ್ನು ನೋಡಿ. ಎಂಜಿನ್ ಸೊರಗಿದ್ದರೆ ನೀವು ಪೆಡಲ್ ಜಾಸ್ತಿ ಒತ್ತುತ್ತೀರಿ. ಆಗ ಗೇರ್ ತಡವಾಗಿ ಬೀಳುತ್ತದೆ, ಗಟ್ಟಿಯಾಗಿ ಬೀಳುತ್ತದೆ, ಏರಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು ಅಂತ ಓಲಾಡುತ್ತದೆ. ಗೇರ್‌ಬಾಕ್ಸ್ ನಿರಪರಾಧಿ, ಬೈಗುಳ ಮಾತ್ರ ಅದಕ್ಕೆ.

ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ನಿಮ್ಮ ದಾರಿಯಲ್ಲಿ ಓಡುವ ಗಾಡಿಗೆ ಸರ್ವಿಸ್ ಪುಸ್ತಕದ ಅವಧಿ ನಂಬಬೇಡಿ, 5 ಸಾವಿರ ಕಿ.ಮೀ.ಗೆ ಒಮ್ಮೆ ತೆರೆದು ನೋಡಿ. ಕೆಂಪು ಕಟ್ಟಿದ್ದರೆ ಬದಲಿಸಿ. ಗಾಳಿ ಹೊಡೆಸಿ ಮತ್ತೆ ಮತ್ತೆ ಹಾಕುವುದು ತಪ್ಪು. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಅದಿರಿನ ಪುಡಿ ನೇರ ಸಿಲಿಂಡರಿಗೆ ಹೋಗಿ ಉಜ್ಜುತ್ತದೆ. ಆಮೇಲೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಮಸಿ ಒರೆಸಿಸಿ, ಸ್ಪಾರ್ಕ್ ಪ್ಲಗ್ ಮತ್ತು ಕಾಯಿಲ್ ನೋಡಿಸಿ. ಏರಿನಲ್ಲಿ ಮಾತ್ರ ತಟ್ ತಟ್ ಅಂತ ಎಡವುತ್ತಿದ್ದರೆ, ಪಿ0300 ಸಾಲಿನ ಕೋಡ್ ಇದ್ದರೆ, ಅಲ್ಲೇ ತೊಂದರೆ.

ಪೆಟ್ರೋಲ್ ಪಂಪಿನ ಒತ್ತಡವನ್ನು ಗೇಜ್ ಹಾಕಿ, ಎಂಜಿನ್ ಮೇಲೆ ಹೊರೆ ಇರುವಾಗ ನೋಡಬೇಕು. ನಿಂತಲ್ಲಿ ಸರಿ ತೋರಿಸಿ ಏರಿನಲ್ಲಿ ಕುಸಿಯುವ ಪಂಪುಗಳಿವೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. 2011ರ ಗಾಡಿಯನ್ನು ಇದಕ್ಕೆಂದು ಮಾಡಿರಲಿಲ್ಲ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಏರು ಹತ್ತದಷ್ಟು ಸೊರಗುವುದಕ್ಕೆ ಅದೊಂದೇ ಕಾರಣ ಆಗಲಾರದು. ಹಳೇ ಟ್ಯಾಂಕಿನ ತಳದ ಕೊಳೆಯನ್ನು ಅದು ಬಿಡಿಸಿ ಫಿಲ್ಟರಿಗೆ ತಂದು ಕೂರಿಸಬಹುದು, ಹಳೇ ರಬ್ಬರ್ ಪೈಪುಗಳನ್ನು ಹಾಳುಮಾಡಬಹುದು. ಫಿಲ್ಟರ್ ಬದಲಿಸಿ ಎಷ್ಟು ಕಾಲವಾಯಿತು ನೋಡಿ.

ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೆ ಊರೊಳಗೆ ಗಾಡಿ ಪರವಾಗಿಲ್ಲ ಅನ್ನಿಸುತ್ತದೆ. ಹೈವೇಗೆ ಬಂದು ಒತ್ತಿದಾಗ ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿ, 2,500 ಆರ್‌ಪಿಎಂನಲ್ಲಿ ಹೊಗೆಯ ಹಿಂದೊತ್ತಡ ಅಳೆಯಬಹುದು. 3 ಪಿಎಸ್‌ಐ ದಾಟಿದರೆ ಸೈಲೆನ್ಸರ್ ಸಾಲಿನಲ್ಲಿ ಎಲ್ಲೋ ಕಟ್ಟಿದೆ. ಬ್ರೇಕು ಹಿಡಿದುಕೊಂಡಿದ್ದರೂ ಪಿಕಪ್ ಇಲ್ಲ ಅನ್ನಿಸುತ್ತದೆ. ಒಂದು ಸುತ್ತು ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಕೆಂಡದಂತೆ ಝಳ ಬಿಟ್ಟರೆ ಅದನ್ನು ಬಿಚ್ಚಿಸಿ.

ಕೆಲವು ಗ್ಯಾರೇಜುಗಳಲ್ಲಿ ಸ್ಟಾಲ್ ಟೆಸ್ಟ್ ಅಂತ ಮಾಡುತ್ತಾರೆ. ಬ್ರೇಕ್ ಒತ್ತಿ, ಡಿ-ಯಲ್ಲಿಟ್ಟು, ಪೆಡಲ್ ಪೂರ್ತಿ ಒತ್ತಿ ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ನೋಡುವುದು. ಕಂಪನಿ ಹೇಳಿದ ಅಂಕಿಗಿಂತ ತೀರಾ ಮೇಲೆ ಹೋದರೆ ಒಳಗೆ ಜಾರುತ್ತಿದೆ, ತೀರಾ ಕೆಳಗೆ ನಿಂತರೆ ಎಂಜಿನ್ ಸೊರಗಿದೆ ಇಲ್ಲವೇ ಟಾರ್ಕ್ ಕನ್ವರ್ಟರಿನ ಒಂದೇ ಕಡೆ ತಿರುಗುವ ಕ್ಲಚ್ ಕೆಟ್ಟಿದೆ. ಪರೀಕ್ಷೆ ಒಳ್ಳೆಯದೇ. ಐದು ಸೆಕೆಂಡ್ ಮೀರಬಾರದು, ಎರಡು ಸಲದ ನಡುವೆ ಎನ್-ನಲ್ಲಿ ತಣ್ಣಗಾಗಲು ಬಿಡಬೇಕು. ಮನೆ ಮುಂದೆ ನೀವೇ ಮಾಡಬೇಡಿ. ಎಣ್ಣೆ ಕ್ಷಣದಲ್ಲಿ ಕಾಯುತ್ತದೆ, ಬ್ರೇಕ್ ಜಾರಿದರೆ ಗಾಡಿ ನುಗ್ಗುತ್ತದೆ.

ಮ್ಯಾನ್ಯುಯಲ್ ಗಾಡಿಯ ಹಾಗೆ ಕ್ಲಚ್ ಸೆಟ್ ಬದಲಿಸಿ ಅಂತ ಯಾರಾದರೂ ಹೇಳಿದರೆ, ಅವರು ಬೇರೆ ಗಾಡಿಯ ಮಾತಾಡುತ್ತಿದ್ದಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಅನ್ನುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ಚನ್ನು ಯಂತ್ರ ಒತ್ತುತ್ತದೆ ಅಷ್ಟೇ. ಅದರಲ್ಲಿ ಕ್ಲಚ್ ಸೆಟ್ ಇರುತ್ತದೆ. ನಿಮ್ಮದು ಟಾರ್ಕ್ ಕನ್ವರ್ಟರ್ ಪೆಟ್ಟಿಗೆ, ಎರಡರ ವೈದ್ಯವೂ ಬೇರೆ.

ರಿಪೇರಿ ಆಗುವ ತನಕ ಓಡಿಸಲೇಬೇಕಾದರೆ ಬೆಳಿಗ್ಗೆ ಬೇಗ ಹೊರಡಿ. ಏರಿನಲ್ಲಿ ಓವರ್‌ಡ್ರೈವ್ (ನಾಲ್ಕನೇ ಗೇರ್) ಆಫ್ ಮಾಡಿ, ಕುಮಾರಸ್ವಾಮಿ ದೇವಸ್ಥಾನದ ಗುಡ್ಡದಂಥ ಕಡೆ ಲಿವರನ್ನು 2ಕ್ಕೆ ಇಳಿಸಿ. ಗೇರುಗಳ ಓಲಾಟ ನಿಲ್ಲುತ್ತದೆ, ಎಣ್ಣೆ ಕಾಯುವುದು ಕಡಿಮೆಯಾಗುತ್ತದೆ. ಇಳಿಜಾರಿನಲ್ಲೂ 2 ಇರಲಿ, ಬ್ರೇಕಿಗೆ ಆಸರೆ. ಲಾರಿ ಸಾಲಿನ ಹಿಂದೆ ಬಹಳ ಹೊತ್ತು ನಿಲ್ಲಬೇಕಾದರೆ ಎನ್-ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಗಾಡಿ ದಾರಿಯಲ್ಲಿ ನಿಂತೇ ಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದಾಗ ಎಣ್ಣೆ ಪಂಪು ತಿರುಗುವುದಿಲ್ಲ, ಮುಂದಿನ ಚಕ್ರ ಉರುಳಿದರೆ ಪೆಟ್ಟಿಗೆ ಒಣಗಿ ಉಜ್ಜುತ್ತದೆ. ಮುಂದಿನ ಚಕ್ರ ಎತ್ತಿ ಒಯ್ಯಬೇಕು, ಇಲ್ಲವೇ ಇಡೀ ಗಾಡಿಯನ್ನು ಮೇಲೆ ಹೇರಿಕೊಂಡು ಹೋಗುವ ವಾಹನ ಕರೆಯಬೇಕು.

ಮಾರುವ ಪ್ರಶ್ನೆ. ಈಗ ಮಾರಿದರೆ ಗೇರ್‌ಬಾಕ್ಸ್ ಹೋದ ಗಾಡಿ ಅಂತಲೇ ಬೆಲೆ ಕಟ್ಟುತ್ತಾರೆ, ಅದು ಹೋಗಿದೆಯೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಹಾಗಾಗಿ ಈಗ ಮಾರಬೇಡಿ. ಮೊದಲು ಸ್ಕ್ಯಾನ್, ಬ್ಯಾಟರಿ, ಎಣ್ಣೆಯ ಮಟ್ಟ. ಆಮೇಲೆ ರೇಡಿಯೇಟರ್, ಎಟಿಎಫ್, ಮೌಂಟಿಂಗ್, ಏರ್ ಫಿಲ್ಟರ್. ಎಟಿಎಫ್ ಬದಲಿಸಿದ ಮೇಲೆ ಸ್ಕ್ಯಾನರಿನಿಂದ ಟಿಸಿಯು ಕಲಿಕೆಯನ್ನು ರೀಸೆಟ್ ಮಾಡಿಸಿ. ಹಳೇ ಎಣ್ಣೆಗೆ ಹೊಂದಿಕೊಂಡಿದ್ದ ಒತ್ತಡದ ಲೆಕ್ಕ ಅದರ ನೆನಪಿನಲ್ಲಿರುತ್ತದೆ. ರೀಸೆಟ್ ಆದ ಮೇಲೆ ಕೆಲವು ದಿನ ಸ್ವಲ್ಪ ಜರ್ಕ್ ಇದ್ದರೆ ಹೆದರಬೇಡಿ, ಹೊಸದಾಗಿ ಕಲಿಯುತ್ತಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಆರ್‌ಪಿಎಂ ಏರಿ ವೇಗ ಏರದಿದ್ದರೆ, ಪಿ0731 ಸಾಲಿನ ಕೋಡ್ ಮತ್ತೆ ಬಂದರೆ, ಎಣ್ಣೆಯಲ್ಲಿ ಕಪ್ಪು ಪುಡಿ ಕಂಡರೆ ಆಗ ಪೆಟ್ಟಿಗೆ ಇಳಿಸಲೇಬೇಕು. ಆಗಲೂ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸಿಗಿಂತ ನಿಮ್ಮದನ್ನೇ ಬಿಚ್ಚಿ ಪ್ಲೇಟು, ಸೀಲು ಬದಲಿಸುವುದು ನನಗೆ ಇಷ್ಟ, ಆಟೋಮ್ಯಾಟಿಕ್ ಬಿಚ್ಚಿ ಕಟ್ಟುವ ಕೈ ಇರುವವರ ಹತ್ತಿರ ಮಾತ್ರ. ಗುಜರಿಯಿಂದ ಬಂದ ಪೆಟ್ಟಿಗೆ ಯಾವ ಬಿಸಿಲಲ್ಲಿ, ಯಾವ ಎಣ್ಣೆಯಲ್ಲಿ ಓಡಿತ್ತೋ ನಮಗೆ ಗೊತ್ತಾಗುವುದಿಲ್ಲ. ಬೇರೆ ದಾರಿಯೇ ಇಲ್ಲದೆ ಅದನ್ನೇ ತಂದರೆ, ಪೆಟ್ಟಿಗೆಯ ಮೇಲಿನ ಕೋಡ್ ನಿಮ್ಮದಕ್ಕೆ ಹೊಂದುತ್ತದಾ ನೋಡಿ, ಅದರೊಳಗೆ ಉಳಿದ ಎಣ್ಣೆಯ ಬಣ್ಣ, ವಾಸನೆ ನೋಡಿ, ಓಡಿಸಿ ನೋಡುವ ಗ್ಯಾರಂಟಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೂಡಿಸುವ ಮುನ್ನ ಎಣ್ಣೆ ಕೂಲರ್ ಮತ್ತು ಅದರ ಪೈಪುಗಳನ್ನು ತೊಳೆಸಲೇಬೇಕು, ಸಾಧ್ಯವಾದರೆ ಹೊಸದು ಹಾಕಿಸಬೇಕು. ಹಳೇ ಪೆಟ್ಟಿಗೆಯ ಪುಡಿ ಅದರಲ್ಲಿ ಉಳಿದಿರುತ್ತದೆ, ಹೊಸ ಪೆಟ್ಟಿಗೆಗೆ ಮೊದಲು ಹೋಗುವುದು ಅದೇ.